ಎಂಟು ಕೋಣೆಯ ಸಾಲುಮನೆ

ಮಲ್ಪೆ ದಕ್ಕೆಯಲ್ಲಿ ಬೆಳಗಿನ ನಾಲ್ಕೂವರೆಗೆ
ನನ್ನ ತಕ್ಕಡಿ ಸರಿಯಾಗಿಯೇ ತೂಗುತ್ತಿತ್ತು.
ಬಂಗುಡೆಯ ಪೆಟ್ಟಿಗೆ ಇಟ್ಟರೆ ಇಪ್ಪತ್ತೆಂಟು ಕಿಲೋ ನಾನೂರು,
ತೆಗೆದರೆ ಸೊನ್ನೆ.
ಮೇಲೆ ತೂಗುಹಾಕಿದ ಹೊಸ ಬೋರ್ಡು ಮಾತ್ರ
ಪ್ರತಿ ಪೆಟ್ಟಿಗೆಗೂ ಕೆಂಪಕ್ಷರದಲ್ಲಿ ಒಂದೇ ಮಾತು:
ತಪ್ಪು.

"ಎಂತ ಮಾರಾಯ್ತಿ, ತಪ್ಪು ಮೀನಿನದ್ದಾ, ನಿನ್ನ ಡಬ್ಬಿಯದ್ದಾ?"
ರತ್ನು ಮೆಂಡನ್ ಕೇಳಿದಳು,
ಐಸು ಮೆತ್ತಿದ ಕೈ ಸೊಂಟಕ್ಕೆ ಒರೆಸಿಕೊಳ್ಳುತ್ತ.

ಮೂರು ದಿನ ಉಪ್ಪನ್ನು ಬೈದೆ.
ಇಲ್ಲಿ ಎಲ್ಲ ಕೆಡುಕಿಗೂ ಉಪ್ಪೇ ಕಾರಣ,
ಕಲ್ಮಾಡಿಯ ನನ್ನ ಅಂಗಡಿಯ ಷಟರಿಗೂ.
ತಂತಿ ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ,
ಹಸಿರು ಹಿಡಿದ ಪಿನ್ನುಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ.
ತಪ್ಪು, ಎಂದಿತು ಬೋರ್ಡು.

ಲೆಕ್ಕ ಇಷ್ಟೇ:
ತಕ್ಕಡಿ ತೂಕ ಕಳಿಸುತ್ತದೆ, ಬೆನ್ನಿಗೇ ಒಂದು ಸಾಕ್ಷಿ.
ಕಳಿಸಿದ್ದನ್ನೆಲ್ಲ ಕೂಡಿಸಿ, ಎಂಟು ಬಿಟ್ಟಿಗೆ ಕತ್ತರಿಸಿ,
ದೀಪವಿದ್ದಲ್ಲಿ ಕತ್ತಲು, ಕತ್ತಲಿದ್ದಲ್ಲಿ ದೀಪ.
ಬೋರ್ಡೂ ತಾನೇ ಕೂಡಿಸುತ್ತದೆ, ತಿರುಗಿಸುತ್ತದೆ,
ಎರಡೂ ಒಂದೇ ಆದರೆ ನಂಬುತ್ತದೆ.
ಆ ಪೆಟ್ಟಿಗೆಯ ಮೊತ್ತ ತೊಂಬತ್ತು.
ಎಂಟು ಕೋಣೆಯ ಸಾಲುಮನೆ;
ನಾಲ್ಕರಲ್ಲಿ ದೀಪ, ನಾಲ್ಕರಲ್ಲಿ ಇಲ್ಲ.
ತಿರುಗಿಸಿದರೆ ನೂರ ಅರವತ್ತೈದು.
ತಕ್ಕಡಿ ಹೇಳಿದ್ದೂ ಅದನ್ನೇ.

ಆದರೆ ಸಿ ಭಾಷೆಯಲ್ಲಿ ಸಣ್ಣವರು
ಸಣ್ಣವರಾಗಿಯೇ ಲೆಕ್ಕಕ್ಕೆ ಕೂರುವಂತಿಲ್ಲ.
ಪಾವಿರಲಿ, ಚಟಾಕಿರಲಿ,
ಸುರಿದುಕೊಂಡು ಅಳೆಯುವುದು ಸೇರಿನಲ್ಲೇ.
ಯಾರೂ ಹೇಳಬೇಕಿಲ್ಲ, ಯಾರನ್ನೂ ಕೇಳುವುದಿಲ್ಲ.
ನನ್ನ ತೊಂಬತ್ತನ್ನು ಸದ್ದಿಲ್ಲದೆ ಎತ್ತಿ
ಹದಿನಾರು ಕೋಣೆಯ ಮನೆಯಲ್ಲಿ ಇಳಿಸಿತು,
ಎಡಕ್ಕೆ ಎಂಟು ಖಾಲಿ ಕೋಣೆ.
ಆಮೇಲೆ ನಾನು ತಿರುಗಿಸು ಎಂದೆ.
ಯಾರೂ ವಾಸವಿಲ್ಲದ ಆ ಎಂಟರಲ್ಲೂ
ಒಮ್ಮೆಗೇ ದೀಪ ಹೊತ್ತಿತು.

ಎಡತುದಿಯಲ್ಲಿ ದೀಪ ಕಂಡರೆ ಋಣವೆಂದು ಓದಬೇಕು,
ಅದು ಆ ಮನೆಯ ಕಟ್ಟಳೆ.
ಋಣ ತೊಂಬತ್ತೊಂದು.
ಅತ್ತ ನೂರ ಅರವತ್ತೈದು ದಕ್ಕೆಯ ಮೇಲೆ ನಿಂತು ಕೂಗುತ್ತಿದೆ,
ಇತ್ತ ಇದು ನೀರಿನಡಿ, ತೊಂಬತ್ತೊಂದು ಮಾರು ಕೆಳಗೆ.
ಬಲಗಡೆಯ ಎಂಟು ಕೋಣೆ ಇಬ್ಬರದೂ ಒಂದೇ,
ಒಂದು ದೀಪವೂ ಹೆಚ್ಚುಕಡಿಮೆಯಿಲ್ಲ.
ಆದರೂ ಭೇಟಿಯ ಋಣವಿಲ್ಲ.

ಹೊಳೆದದ್ದು ಅಂಗಡಿಯಲ್ಲಲ್ಲ.
ರತ್ನು ಬುಟ್ಟಿ ಎಣಿಸುತ್ತಿದ್ದಳು:
ಲಾಭ, ಎರಡು, ಮೂರು...
"ಒಂದು ಎಲ್ಲಿ ಹೋಯ್ತು?" ಕೇಳಿದೆ.
"ಅದು ಲೆಕ್ಕಕ್ಕೆ ಬರುವಾಗಲೇ ಲಾಭ ಆಗಿ ಬರ್ತದೆ,
ನಾನೆಂತ ಮಾಡುದಿಲ್ಲ."
ನಾಲ್ಕು, ಐದು, ಆರು, ಮತ್ತೊಂದು.

ಐಸ್ ಪ್ಲಾಂಟಿನ ಒದ್ದೆ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದೆ.
ಒಂದೇ ಸಾಲು. ತಿರುಗಿಸುವ ಗುರುತಿನ ಮುಂದೆ ಒಂದು ಕಂಸ,
ಕಂಸದೊಳಗೆ ಅದರ ಹಳೆಯ ಮನೆಯ ಅಳತೆ.
ಎಂಟೇ ಕೋಣೆ. ಮರಳಿ ಬಾ.

ಸುಳ್ಳು ಹೇಳಬಾರದು.
ಬರೆದ ದಿನವೇ ಕಂಪೈಲರ್ ಹೇಳಲು ನೋಡಿತ್ತು,
ಈ ಹೋಲಿಕೆ ಯಾಕೋ ಸರಿಯಿಲ್ಲ ಅಂತ.
ಹಳದಿ ಸಾಲುಗಳ ಕಾಟ ಬೇಡವೆಂದು
ಎಚ್ಚರಿಕೆಗಳ ಬಾಯಿ ಮುಚ್ಚಿಸಿದವಳು ನಾನೇ.
ಮೂರು ದಿನ ಬೈಸಿಕೊಂಡದ್ದು ಸಮುದ್ರ.

ಆರು ಗಂಟೆಗೆ ಬೋರ್ಡಿನಲ್ಲಿ ತೂಕ ಮೂಡಿತು.
ರತ್ನು ಅತ್ತ ನೋಡಲಿಲ್ಲ.
ಪೆಟ್ಟಿಗೆಯ ಅಂಚು ಹಿಡಿದು ಒಮ್ಮೆ ಎತ್ತಿ, ಇಳಿಸಿ
"ಇಪ್ಪತ್ತೆಂಟು ಚಿಲ್ಲರೆ" ಎಂದಳು.
"ಚಿಲ್ಲರೆ ನಾನೂರು" ಎಂದೆ.
"ಹೌದಾ. ಅದೊಂದು ಹೇಳ್ಲಿಕ್ಕೆ ಉಂಟಲ್ಲ ನಿನ್ನ ಡಬ್ಬಿ."